ಕೈಗೆ ಕಟ್ಟಿದ್ದು ಗಡಿಯಾರ ಸ್ವಾಮಿ, ಡಾಕ್ಟರಲ್ಲ!

ಈ ಕಡೆ ತಲೆ ಹಾಕಿ ಸುಮಾರು ದಿನಗಳೇ ಆದವು. ಬರೆಯೋಕೆ ಪುರುಸೊತ್ತಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಆದರೆ ಕೆಲವೊಮ್ಮೆ ಸಿಟ್ಟು ಬಂದರೆ ಸೋಮಾರಿತನ ತಾನಾಗೇ ಓಡಿಹೋಗುತ್ತೆ ನೋಡಿ, ಈಗ ಹಾಗೇ ಆಗಿದೆ. ನಾನು ಬೆಳಿಗ್ಗೆ ಓಡ್ತೀನಿ ಅಂತ ಗೊತ್ತಿರೋ ಗೆಳೆಯರು ವಾರಕ್ಕೊಬ್ಬರಂತೆ ಕೇಳೋ ಪ್ರಶ್ನೆ ಒಂದೇ: "ಓಡೋಕೆ ಶುರು ಮಾಡ್ಬೇಕು ಅಂತಿದೀನಿ. ಯಾವ ವಾಚ್ ತಗೊಳ್ಳಲಿ? ಜಿಪಿಎಸ್ ಇರ್ಬೇಕು, ಹಾರ್ಟ್ ರೇಟ್ ತೋರಿಸ್ಬೇಕು."

ಗಮನಿಸಿ, ಇನ್ನೂ ಓಡಿಲ್ಲ. ಬೂಟು ಕೊಂಡಿಲ್ಲ. ವಾಚು ಮೊದಲು!

ಉತ್ತರ ಹೇಳೋದಕ್ಕೆ ನನಗೇನೂ ಬೇಜಾರಿಲ್ಲ. ಬೇಜಾರು ಇರೋದು ಈ ಪ್ರಶ್ನೆಗೆ ನಮ್ಮ ಸುತ್ತ ಸಿಗುತ್ತಿರೋ ಉತ್ತರಗಳ ಬಗ್ಗೆ. "ಹಾರ್ಟ್ ವಿಷಯದಲ್ಲಿ ಕಾಂಪ್ರಮೈಸ್ ಮಾಡ್ಕೋಬೇಡಿ ಸಾರ್, ಟಾಪ್ ಮಾಡೆಲ್ಲೇ ತಗೊಳ್ಳಿ" ಅನ್ನೋ ಅಂಗಡಿಯವನು, "ಡೇಟಾ ಇಲ್ದೆ ಟ್ರೈನಿಂಗ್ ಇಲ್ಲ" ಅನ್ನೋ ಕೋಚು, "ನನ್ನ ವಾಚಲ್ಲಿ ನಿದ್ದೆಗೂ ಮಾರ್ಕ್ಸ್ ಬರುತ್ತೆ" ಅನ್ನೋ ಪಕ್ಕದ ಕ್ಯೂಬಿಕಲ್ಲಿನ ಮಿತ್ರ. ಮೂವರೂ ಸೇರಿ ಮಾರ್ತಾ ಇರೋದು ವಾಚನ್ನಲ್ಲ, ಭಯವನ್ನ. ಆ ಭಯಕ್ಕೆ ಐವತ್ತು ಸಾವಿರ ಸುರಿಯೋದು ಶುದ್ಧ ತಪ್ಪು ಅನ್ನೋದು ನನ್ನ ವಾದ. ದುಡ್ಡು ದಂಡ ಅನ್ನೋದಷ್ಟೇ ಅಲ್ಲ, ಕೆಲವೊಮ್ಮೆ ಅದು ಅಪಾಯ ಕೂಡ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಂದುಕೊಂಡು ಕೂತ್ಕೊಳ್ಳಿ :)

ಓಟದ ವಾಚಿನ ಕೆಲಸ ಮೂರೇ

ಎಷ್ಟು ಹೊತ್ತು ಓಡಿದೆ, ಎಷ್ಟು ದೂರ ಓಡಿದೆ, ಓಡುವಾಗ ಎದೆ ಎಷ್ಟು ಬಡಿದುಕೊಳ್ತು. ಮುಗೀತು. ಮೊದಲನೆಯದನ್ನ ಐನೂರು ಸಾವಿರ ರೂಪಾಯಿಯ ಡಿಜಿಟಲ್ ವಾಚೂ ನಿಖರವಾಗಿ ಹೇಳುತ್ತೆ. ಎರಡನೆಯದನ್ನ ಜಿಪಿಎಸ್ ವಾಚು ಹೆಚ್ಚು ಕಮ್ಮಿ ಸರಿಯಾಗಿ ಹೇಳುತ್ತೆ. ಮೂರನೆಯದನ್ನ ಮಣಿಕಟ್ಟಿನ ಮೇಲೆ ಕೂತಿರೋ ವಾಚು ಒಮ್ಮೊಮ್ಮೆ ಸರಿಯಾಗಿ ಹೇಳುತ್ತೆ, ಒಮ್ಮೊಮ್ಮೆ ಬಾಯಿಗೆ ಬಂದದ್ದು ಹೇಳುತ್ತೆ. ಇದರಾಚೆಗೆ ಪೆಟ್ಟಿಗೆ ಮೇಲೆ ಅಚ್ಚು ಹಾಕಿರೋ ಒತ್ತಡದ ಅಂಕ, ನಿದ್ದೆಯ ಅಂಕ, "ಇವತ್ತು ನಿಮ್ಮ ದೇಹ ಸಿದ್ಧವಾಗಿದೆ" ಅನ್ನೋ ಭವಿಷ್ಯ, ಇವೆಲ್ಲ ಈ ಮೂರರಿಂದಲೇ ಹಿಂಡಿ ತೆಗೆದ ಅಂದಾಜುಗಳು. ಹಾಲು ಸರಿ ಇಲ್ಲದಿದ್ರೆ ತುಪ್ಪ ಎಲ್ಲಿಂದ ಸರಿ ಇರುತ್ತೆ?

ಮೊದಲು ಜಿಪಿಎಸ್ ವಿಚಾರ

2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ತನ್ನ ಜಿಪಿಎಸ್ ಸಿಗ್ನಲ್ಲಿನಲ್ಲಿ ಜನಸಾಮಾನ್ಯರಿಗಾಗಿ ಬೇಕಂತಲೇ ತಪ್ಪು ಬೆರೆಸ್ತಾ ಇತ್ತು. ಅದನ್ನ ನಿಲ್ಲಿಸಿದ ಮೇಲೆಯೇ ಕೈಗೆ ಕಟ್ಟೋ ಜಿಪಿಎಸ್‌ಗೆ ಅರ್ಥ ಬಂದಿದ್ದು. 2003ರಲ್ಲಿ ಗಾರ್ಮಿನ್ ಕಂಪನಿಯ ಮೊದಲ ಫೋರ್‌ರನ್ನರ್ ಬಂತು, ಬೆಂಕಿಪೊಟ್ಟಣ ಕೈಗೆ ಕಟ್ಟಿಕೊಂಡ ಹಾಗಿತ್ತು ನೋಡೋಕೆ. ಈಗ ಮೂವತ್ತು ನಲವತ್ತು ಗ್ರಾಂ ತೂಕದ ವಾಚಲ್ಲಿ ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೌ ಉಪಗ್ರಹಗಳನ್ನೂ ಕೇಳಿಸಿಕೊಳ್ಳೋ ಚಿಪ್ಪು ಕೂತಿರುತ್ತೆ.

ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಿಂದ ಬರೋ ಆ ಸಿಗ್ನಲ್ಲು ತುಂಬಾ ಕ್ಷೀಣ. ಎತ್ತರದ ಕಟ್ಟಡ, ಮೆಟ್ರೋ ಸೇತುವೆ, ಗಾಜಿನ ಗೋಡೆ ಇದ್ದರೆ ಅಲ್ಲಿ ಬಡಿದು, ವಾಪಸ್ ಪುಟಿದು, ತಡವಾಗಿ ವಾಚಿಗೆ ತಲುಪುತ್ತೆ. ವಾಚು ಪಾಪ, ನೀವು ರಸ್ತೆ ಆಚೆಗಿನ ಬ್ಯಾಂಕಿನೊಳಗೆ ಓಡ್ತಿದೀರಿ ಅಂದುಕೊಳ್ಳುತ್ತೆ. ಈ ಸಮಸ್ಯೆಗೆ ಬಂದ ಔಷಧಿಯೇ ಎರಡು ತರಂಗಾಂತರ ಬಳಸೋ ವಾಚುಗಳು, ಅಂಗಡಿ ಭಾಷೆಯಲ್ಲಿ "ಡ್ಯುಯಲ್ ಬ್ಯಾಂಡ್". ಹಳೆಯ ಎಲ್1 ಜೊತೆಗೆ ಎಲ್5 ಅನ್ನೋ ಇನ್ನೊಂದು ಸಿಗ್ನಲ್ಲನ್ನೂ ಕೇಳೋದ್ರಿಂದ ಪುಟಿದು ಬಂದದ್ದು ಯಾವುದು, ನೇರವಾಗಿ ಬಂದದ್ದು ಯಾವುದು ಅಂತ ಚೆನ್ನಾಗಿ ಗೊತ್ತಾಗುತ್ತೆ. ಇದು ನಿಜವಾದ ಸುಧಾರಣೆ, ನಾನು ಅಲ್ಲಗಳೆಯೋದಿಲ್ಲ.

ಆದರೆ ನಿಮಗೆ ಬೇಕಾ ಅನ್ನೋದು ನೀವು ಓಡೋ ಜಾಗದ ಮೇಲಿದೆ. ದಿನಾ ಎಂ.ಜಿ. ರಸ್ತೆಯ ಮೆಟ್ರೋ ಕೆಳಗೆ, ಐಟಿ ಪಾರ್ಕುಗಳ ಗಾಜಿನ ಕಟ್ಟಡಗಳ ನಡುವೆ ಓಡೋರಿಗೆ ವ್ಯತ್ಯಾಸ ಕಾಣುತ್ತೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ, ಧಾರವಾಡದ ಬಯಲಲ್ಲಿ, ಶ್ರೀರಂಗಪಟ್ಟಣದ ನಾಲೆ ದಂಡೆಯಲ್ಲಿ ಓಡೋರಿಗೆ ತಲೆ ಮೇಲೆ ಇಡೀ ಆಕಾಶವೇ ಇದೆ. ಅಲ್ಲಿ ಅತಿ ಅಗ್ಗದ ಓಟದ ವಾಚೂ ಅತಿ ದುಬಾರಿ ವಾಚೂ ಹೇಳೋದು ಹೆಚ್ಚು ಕಮ್ಮಿ ಒಂದೇ. ಇಪ್ಪತ್ತು ಸಾವಿರ ಜಾಸ್ತಿ ಕೊಟ್ಟು ಏನು ಸಾಧಿಸಿದ ಹಾಗಾಯ್ತು?

"ನಮ್ಮದೇ ನಾವಿಕ್ ಇರೋ ವಾಚು ತಗೊಂಡ್ರೆ?" ಅಂತ ದೇಶಾಭಿಮಾನದ ಗೆಳೆಯರೊಬ್ಬರು ಕೇಳಿದ್ರು. ಇಸ್ರೋದ ನಾವಿಕ್ ಬಗ್ಗೆ ನನಗೂ ಹೆಮ್ಮೆ ಇದೆ. ಅದರ ನ್ಯಾವಿಗೇಷನ್ ಸೆಂಟರ್ ಇರೋದು ನಮ್ಮ ಬ್ಯಾಲಾಳುವಿನಲ್ಲೇ. ಆದರೆ ನಾವಿಕ್‌ನ ಮೊದಲ ಸಾಲಿನ ಉಪಗ್ರಹಗಳಲ್ಲಿ ವಾಚುಗಳು ಸಾಮಾನ್ಯವಾಗಿ ಕೇಳೋ ಎಲ್1 ಸಿಗ್ನಲ್ಲೇ ಇರಲಿಲ್ಲ. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಅದು ಶುರುವಾಯ್ತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ತನ್ನ ಕಕ್ಷೆ ತಲುಪಲಿಲ್ಲ. ಹಳೆಯವುಗಳಲ್ಲಿ ಹಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೈಕೊಟ್ಟಿವೆ. ಹಾಗಾಗಿ ಸದ್ಯಕ್ಕೆ ನಾವಿಕ್ ಇದೆ ಅನ್ನೋ ಒಂದೇ ಕಾರಣಕ್ಕೆ ವಾಚು ಆರಿಸಬೇಡಿ. ಹೆಮ್ಮೆ ಬೇರೆ, ಕಿಲೋಮೀಟರ್ ಲೆಕ್ಕ ಬೇರೆ.

ಇನ್ನೊಂದು ರಗಳೆ ಇದೆ. ಪ್ರತಿ ರೇಸು ಮುಗಿದ ಮೇಲೆ ಕೇಳಿಬರೋ ಗೋಳು: "ಹತ್ತು ಕಿಲೋಮೀಟರ್ ಅಂತ ಹೇಳಿ ಹತ್ತೂ ಕಾಲು ಓಡಿಸಿದ್ರು! ನನ್ನ ವಾಚೇ ಹೇಳ್ತಿದೆ!" ಅಣ್ಣಾ, ಸರ್ಟಿಫೈ ಆದ ಕೋರ್ಸನ್ನ ಅಳೆಯೋದು ಜಿಪಿಎಸ್‌ನಿಂದಲ್ಲ. ಮುಂಚೆ ಉಕ್ಕಿನ ಟೇಪಲ್ಲಿ ಅಳೆದ ದೂರದ ಮೇಲೆ ಸೈಕಲ್ ಓಡಿಸಿ, ಚಕ್ರಕ್ಕೆ ಕಟ್ಟಿದ ಜೋನ್ಸ್ ಕೌಂಟರ್ ಅನ್ನೋ ಪುಟ್ಟ ಎಣಿಕೆಯಂತ್ರವನ್ನ ಅದಕ್ಕೆ ಸರಿಹೊಂದಿಸಿ, ಆಮೇಲೆ ತಿರುವುಗಳಲ್ಲಿ ಅತಿ ಹತ್ತಿರದ ದಾರಿ ಹಿಡಿದು ಅಳೀತಾರೆ. ಕೋರ್ಸು ಅಪ್ಪಿತಪ್ಪಿಯೂ ಚಿಕ್ಕದಾಗಬಾರದು ಅಂತ ಸಾವಿರಕ್ಕೆ ಒಂದು ಪಾಲು ಜಾಸ್ತಿ ಬೇರೆ ಸೇರಿಸ್ತಾರೆ, ಮ್ಯಾರಥಾನಿಗೆ 42 ಮೀಟರ್. ನೀವು ತಿರುವಿನಲ್ಲಿ ಹೊರಗಡೆಯಿಂದ ಸುತ್ತು ಹೊಡೆದು, ನೀರಿನ ಟೇಬಲ್ಲಿಗೆ ಆ ಕಡೆ ಈ ಕಡೆ ಹೋಗಿ, ಜೊತೆಗೆ ವಾಚು ನಿಮ್ಮನ್ನ ಅಂಕುಡೊಂಕಾಗಿ ಓಡಿಸಿದ್ದೂ ಸೇರಿ ಹತ್ತೂ ಕಾಲು ಆಯ್ತು. ಸೈಕಲ್ಲಿನ ಮುಂದೆ ಐವತ್ತು ಸಾವಿರದ ವಾಚು ಸೋತಿದೆ, ಒಪ್ಪಿಕೊಂಡು ಬಾಳೆಹಣ್ಣು ತಿಂದು ಮನೆಗೆ ಹೋಗಿ!

ಈಗ ಎದೆಬಡಿತ

ಮುಖ್ಯ ಜಗಳ ಇಲ್ಲಿದೆ. ವಾಚನ್ನ ತಿರುಗಿಸಿ ನೋಡಿ, ಹಿಂದೆ ಹಸಿರು ದೀಪ ಮಿಣಮಿಣ ಅನ್ನುತ್ತೆ. ಆ ಬೆಳಕು ಚರ್ಮದೊಳಗೆ ಹೋಗಿ, ರಕ್ತ ಹೀರಿಕೊಂಡಷ್ಟು ಹೀರಿಕೊಂಡು, ಮಿಕ್ಕಿದ್ದು ವಾಪಸ್ ಬರುತ್ತೆ. ಪ್ರತಿ ಬಡಿತಕ್ಕೂ ರಕ್ತ ಉಕ್ಕಿ ಇಳಿಯೋದ್ರಿಂದ ವಾಪಸ್ ಬರೋ ಬೆಳಕೂ ಏರಿಳಿಯುತ್ತೆ, ಅದನ್ನ ಎಣಿಸೋದು. ಸುಮ್ಮನೆ ಕೂತಾಗ, ಮಲಗಿದಾಗ ಇದು ಚೆನ್ನಾಗೇ ಕೆಲಸ ಮಾಡುತ್ತೆ. ಆದರೆ ನಾವು ಕೊಳ್ತಿರೋದು ಓಡೋಕೆ! ಓಡುವಾಗ ಕೈ ಬೀಸುತ್ತೆ, ವಾಚು ಅಲುಗುತ್ತೆ, ಬೆವರು ಹರಿಯುತ್ತೆ, ಚಳಿ ಇದ್ರೆ ಚರ್ಮಕ್ಕೆ ರಕ್ತವೇ ಕಮ್ಮಿ ಬರುತ್ತೆ.

ಆಗ ಏನಾಗುತ್ತೆ ಗೊತ್ತಾ? ವಾಚು ನಿಮ್ಮ ಬಡಿತ ಬಿಟ್ಟು ಹೆಜ್ಜೆ ಎಣಿಸೋಕೆ ಶುರು ಮಾಡುತ್ತೆ. ಬಹಳ ಜನರ ಹೆಜ್ಜೆ ನಿಮಿಷಕ್ಕೆ 160ರಿಂದ 180ರ ಆಸುಪಾಸು ಇರುತ್ತೆ. ಆರಾಮಾಗಿ ಮಾತಾಡ್ಕೊಂಡು ಓಡ್ತಿದ್ರೂ ವಾಚು 172 ಅಂತ ಕಿರುಚಿಕೊಂಡ್ರೆ ಅದು ನಿಮ್ಮ ಹೃದಯ ಅಲ್ಲ, ನಿಮ್ಮ ಕಾಲು! ಉಲ್ಟಾನೂ ಆಗುತ್ತೆ: ಜೋರಾಗಿ ಏರು ಹತ್ತಿ ಏದುಸಿರು ಬಿಡ್ತಿರೋವಾಗ ಮೊದಲ ಒಂದೆರಡು ನಿಮಿಷ ವಾಚು ತಣ್ಣಗೆ 118 ಅಂತ ತೋರಿಸ್ತಾ ಕೂತಿರುತ್ತೆ.

ಇದಕ್ಕೆ ಪರಿಹಾರ ಹೊಸದೇನಲ್ಲ, ಹಳೆಯದು. ಫಿನ್‌ಲೆಂಡಿನ ಪೋಲಾರ್ ಕಂಪನಿ 1980ರ ದಶಕದ ಶುರುವಿನಲ್ಲೇ ಎದೆಗೆ ಕಟ್ಟೋ ಪಟ್ಟಿ ತಂದಿತ್ತು. ಅದು ಬೆಳಕನ್ನಲ್ಲ, ಹೃದಯದ ವಿದ್ಯುತ್ತನ್ನೇ ಕೇಳಿಸಿಕೊಳ್ಳುತ್ತೆ, ಇಸಿಜಿಯ ಸೋದರ ಸಂಬಂಧಿ. ಪಟ್ಟಿಯ ಒಳಭಾಗ ನೀರಲ್ಲಿ ಒದ್ದೆ ಮಾಡಿ ಕಟ್ಟಿದ್ರೆ ಸಾಕು. ಒಂದು ಬಟನ್ ಸೆಲ್ಲು ತಿಂಗಳುಗಟ್ಟಲೆ ಬರುತ್ತೆ. ಬೆಲೆ ಕೆಲವು ಸಾವಿರ. ಬ್ಲೂಟೂತ್ ಪಟ್ಟಿ ಜೋಡಿಸಿಕೊಳ್ಳೋ ಸಾಮಾನ್ಯ ವಾಚು ಮತ್ತು ಎದೆಪಟ್ಟಿ ಎರಡೂ ಸೇರಿದ್ರೂ ಟಾಪ್ ಮಾಡೆಲ್ಲಿನ ಅರ್ಧ ಬೆಲೆ ಆಗಲ್ಲ. ಬಡಿತದ ಲೆಕ್ಕ ಮಾತ್ರ ಅದಕ್ಕಿಂತ ನಂಬಿಕಸ್ತ.

ಹಾಗಿದ್ರೆ ಅಂಗಡಿಯವನು ಯಾಕೆ ಹೇಳಲ್ಲ? ಯಾಕೆ ಹೇಳ್ತಾನೆ! ಪಟ್ಟಿ ಮಾರಿದ್ರೆ ಅವನಿಗೆ ಸಿಗೋದೆಷ್ಟು?

ಪಟ್ಟಿ ಕಟ್ಟೋದು ಕಿರಿಕಿರಿ ಅನ್ನೋರು ವಾಚನ್ನ ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲಕ್ಕೆ, ಅಲುಗದ ಹಾಗೆ ಬಿಗಿಯಾಗಿ ಕಟ್ಟಿಕೊಳ್ಳಿ, ಮೊದಲ ಹತ್ತು ನಿಮಿಷದ ಅಂಕಿ ನಂಬಬೇಡಿ. ಆರಾಮಿನ ಓಟಗಳಿಗೆ ಅಷ್ಟು ಸಾಕು.

220 ಅನ್ನೋ ಮಹಾಮಂತ್ರ

ವಾಚು ಕೈಗೆ ಬಂದ ಮೇಲೆ ಅದು ಮೊದಲು ಕೇಳೋದು ನಿಮ್ಮ ವಯಸ್ಸು. ಬಹಳಷ್ಟು ವಾಚುಗಳಲ್ಲಿ, ನೀವೇನೂ ಬದಲಾಯಿಸದಿದ್ರೆ, 220ರಿಂದ ವಯಸ್ಸು ಕಳೆದು "ಇದು ನಿಮ್ಮ ಗರಿಷ್ಠ ಬಡಿತ" ಅಂತ ಇಟ್ಟುಕೊಂಡು, ಅದನ್ನ ಐದು ವಲಯವಾಗಿ ಕತ್ತರಿಸಿ, ಐದನೆಯದಕ್ಕೆ ಕೆಂಪು ಬಣ್ಣ ಬಳಿಯುತ್ತೆ. ಆ ಕೆಂಪು ನೋಡಿ ಎಷ್ಟು ಜನ ಹೆದರಿದ್ದಾರೋ ಲೆಕ್ಕವಿಲ್ಲ.

ಈ ಸೂತ್ರ ಎಲ್ಲಿಂದ ಬಂತು? 1971ರ ಹೊತ್ತಿಗೆ ಫಾಕ್ಸ್ ಮತ್ತು ಸಂಗಡಿಗರು ಬೇರೆಯವರ ಒಂದಷ್ಟು ಅಂಕಿಗಳನ್ನ ಒಟ್ಟಿಗೆ ಇಟ್ಟು, ಕಣ್ಣಂದಾಜಿನಲ್ಲಿ ಎಳೆದ ಗೆರೆ ಅದು. ಈ ಸೂತ್ರಕ್ಕಾಗಿಯೇ ಮಾಡಿದ ಮೂಲ ಸಂಶೋಧನೆ ಇರಲೇ ಇಲ್ಲ ಅಂತ 2002ರಲ್ಲಿ ರಾಬರ್ಗ್ಸ್ ಮತ್ತು ಲ್ಯಾಂಡ್‌ವೆರ್ ಇದರ ಜಾತಕ ಜಾಲಾಡಿ ಬರೆದಿದ್ದಾರೆ. 2001ರಲ್ಲಿ ತನಾಕ ಮತ್ತು ಸಂಗಡಿಗರು ಕೊಟ್ಟ ಸೂತ್ರ 208ರಿಂದ ವಯಸ್ಸಿನ 0.7 ಪಟ್ಟು ಕಳೆಯೋದು, ಅದು ವಯಸ್ಸಾದವರಿಗೆ ಸ್ವಲ್ಪ ವಾಸಿ. ಆದರೆ ಯಾವ ಸೂತ್ರವಾದ್ರೂ ಹೇಳೋದು ಸರಾಸರಿ ಮಾತ್ರ. ಒಂದೇ ವಯಸ್ಸಿನ ಇಬ್ಬರ ನಡುವೆ ಹತ್ತು ಹನ್ನೆರಡು ಬಡಿತ ಆಚೀಚೆ ಇರೋದು ತೀರಾ ಸಹಜ, ಇಪ್ಪತ್ತು ಇದ್ರೂ ಆಶ್ಚರ್ಯ ಇಲ್ಲ. ಎಲ್ಲರ ಕಾಲಿಗೂ ಎಂಟನೇ ನಂಬರಿನ ಚಪ್ಪಲಿ ಹಂಚಿದ ಹಾಗೆ ಇದು.

ನಮ್ಮ ಬಡಾವಣೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ, 62 ವರ್ಷ. ಪಾರ್ಕಲ್ಲಿ ನಿಧಾನಕ್ಕೆ, ಜೊತೆಯವರಿಗೆ ರಾಜಕೀಯ ಹೇಳ್ತಾ ಓಡೋರು. ಮಗ ಪ್ರೀತಿಯಿಂದ ವಾಚು ತಂದುಕೊಟ್ಟ. ಸೂತ್ರದ ಪ್ರಕಾರ ಅವರ ಗರಿಷ್ಠ 158. ಅವರು ಓಡುವಾಗ 143. ಅಂದ್ರೆ ನೂರಕ್ಕೆ ತೊಂಬತ್ತರ ಮೇಲೆ, ಐದನೇ ವಲಯ, ಕೆಂಪು! ವಾಚು ಕೈ ನಡುಗಿಸಿ ಎಚ್ಚರಿಸಿತು, ಮಗ ಫೋನಲ್ಲಿ ಗಾಬರಿಯಾದ, ಮೇಷ್ಟ್ರು ಓಡೋದು ಬಿಟ್ಟರು. ಆಮೇಲೆ ಡಾಕ್ಟರ ಹತ್ತಿರ ಟಿಎಂಟಿ ಮಾಡಿಸಿದಾಗ ಅವರ ಹೃದಯ ಯಾವ ತೊಂದರೆಯೂ ಇಲ್ಲದೆ 178ರವರೆಗೆ ಹೋಯ್ತು. ಆ ಲೆಕ್ಕದಲ್ಲಿ 143 ಅನ್ನೋದು ನೂರಕ್ಕೆ ಎಂಬತ್ತು. ರಾಜಕೀಯ ಮಾತಾಡ್ತಾ ಓಡ್ತಿದ್ರಲ್ಲ, ಅದೇ ಸಾಕ್ಷಿಯಾಗಿತ್ತು! ಮಾತಾಡ್ಕೊಂಡು ಓಡೋಕೆ ಆಗುತ್ತೆ ಅಂದ್ರೆ ಅದು ಆರಾಮಿನ ಓಟ. ಈ ಪರೀಕ್ಷೆಗೆ ಚಾರ್ಜಿಂಗ್ ಬೇಡ, ಅಪ್‌ಡೇಟ್ ಬೇಡ.

ಇದರ ಉಲ್ಟಾ ಇನ್ನೂ ಗಂಭೀರ. ಬಿಪಿಗೆ ಅಂತ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ, ಅಟೆನೊಲಾಲ್, ಮೆಟೊಪ್ರೊಲಾಲ್ ಥರದ್ದು, ತಗೊಳ್ಳೋರ ಬಡಿತವನ್ನ ಆ ಮಾತ್ರೆಯೇ ಹಿಡಿದಿಟ್ಟಿರುತ್ತೆ. ಅವರು ವಾಚಿನ ವಲಯ ಮುಟ್ಟಬೇಕು ಅಂತ ಹಟಕ್ಕೆ ಬಿದ್ದು ಓಡಿದ್ರೆ ದೇಹಕ್ಕೆ ಮೀರಿ ದುಡಿಸಿದ ಹಾಗೆ. ವಾಚು ನಿಮ್ಮ ವಯಸ್ಸು ಕೇಳುತ್ತೆ, ತೂಕ ಕೇಳುತ್ತೆ. ಯಾವ ಮಾತ್ರೆ ನುಂಗ್ತೀರಿ ಅಂತ ಕೇಳುತ್ತಾ? ನಮ್ಮಲ್ಲಿ ನಲವತ್ತೈದು ದಾಟಿ ಓಡೋಕೆ ಶುರು ಮಾಡೋರಲ್ಲಿ ಬಿಪಿ ಮಾತ್ರೆಯವರು ಕಮ್ಮಿಯೇನಲ್ಲ. ವಲಯ ಎಷ್ಟಿರಬೇಕು ಅನ್ನೋದನ್ನ ಅವರು ಕೇಳಬೇಕಾದ್ದು ಡಾಕ್ಟರನ್ನ.

ಸೆಕೆಯ ವಿಷಯವೂ ಹೇಳಿಬಿಡ್ತೀನಿ. ಮಂಗಳೂರಲ್ಲಿ ಏಪ್ರಿಲ್ ತಿಂಗಳ ಬೆಳಿಗ್ಗೆ ಓಡಿ ನೋಡಿ. ಅದೇ ವೇಗ, ಅದೇ ಕಾಲು, ಆದ್ರೆ ನಲವತ್ತು ನಿಮಿಷ ಕಳೆಯೋ ಹೊತ್ತಿಗೆ ಬಡಿತ ತಾನಾಗೇ ಏರಿರುತ್ತೆ. ರಕ್ತ ಮೈ ತಣಿಸೋಕೂ ಓಡಬೇಕು, ಬೆವರಿ ಬೆವರಿ ನೀರೂ ಕಮ್ಮಿ ಆಗಿರುತ್ತೆ. ಇದನ್ನ ಗೊತ್ತಿಟ್ಟುಕೊಂಡು ನಿಧಾನ ಮಾಡಿದ್ರೆ ಬಡಿತದ ಅಂಕಿ ಉಪಯೋಗಕ್ಕೆ ಬಂತು. ನೋಡಿ, ನಾನು ವಾಚಿನ ವೈರಿಯಲ್ಲ!

ಭಯದ ವ್ಯಾಪಾರ

2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ಹೋದ ದಿನ. 46 ವರ್ಷ, ಅಷ್ಟು ಗಟ್ಟಿಮುಟ್ಟಾದ ಆಳು. ಕರ್ನಾಟಕದ ಪ್ರತಿ ಮನೆಯಲ್ಲೂ ಅವತ್ತು ನಡುವಯಸ್ಸಿನ ಗಂಡಸರನ್ನ ಹೆಂಡತಿ ಮಕ್ಕಳು ಬೇರೆ ಥರ ನೋಡಿದ್ರು. ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸಾಲು ನಿಂತಿತು. 2025ರ ಬೇಸಿಗೆ ಕಳೆಯೋ ಹೊತ್ತಿಗೆ ಹಾಸನದಿಂದ ಸಾಲು ಸಾಲಾಗಿ ಹೃದಯಾಘಾತದ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಮತ್ತೆ ಅದೇ ದೃಶ್ಯ. ಜನರ ಭಯ ಸುಳ್ಳಲ್ಲ, ಆ ಭಯವನ್ನ ನಾನು ಗೇಲಿ ಮಾಡೋದೂ ಇಲ್ಲ. ನನ್ನ ಸಿಟ್ಟು ಆ ಭಯಕ್ಕೆ ವಾಚನ್ನ ತಾಯಿತದ ಹಾಗೆ ಕಟ್ಟೋರ ಮೇಲೆ.

ಸ್ಪಷ್ಟವಾಗಿ ಬರೀತೀನಿ: ಓಟದ ವಾಚು ಹೃದಯಾಘಾತವನ್ನ ಪತ್ತೆ ಹಚ್ಚೋದಿಲ್ಲ. ಅದು ಎಣಿಸೋದು ಬಡಿತವನ್ನ. ರಕ್ತನಾಳ ಕಟ್ಟಿಕೊಂಡಿದೆಯಾ ಅನ್ನೋದು ಅದಕ್ಕೆ ಗೊತ್ತಾಗೋದಿಲ್ಲ. ಕೈಯಲ್ಲೇ ಇಸಿಜಿ ತೆಗೆಯೋ ವಾಚುಗಳು 2018ರಿಂದ ಬಂದಿವೆ, ಅವು ಬಡಿತದ ಒಂದು ಬಗೆಯ ತಾಳತಪ್ಪುವಿಕೆಯನ್ನ ಹಿಡಿಯಬಲ್ಲವು, ಒಳ್ಳೆಯದೇ. ಆದರೆ ಹೃದಯಾಘಾತ ಇದರಿಂದ ಗೊತ್ತಾಗೋದಿಲ್ಲ ಅಂತ ಅದನ್ನ ತಂದ ಆ್ಯಪಲ್ ಕಂಪನಿಯೇ ಹೇಳುತ್ತೆ. ಆ ಸಾಲು ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಇರೋದಿಲ್ಲ ಅಷ್ಟೇ.

ನನ್ನ ಜೊತೆ ಭಾನುವಾರ ಓಡ್ತಿದ್ದ ಒಬ್ಬರಿಗೆ, ಐವತ್ತರ ಹತ್ತಿರ ವಯಸ್ಸು, ಒಂದು ಸಂಜೆ ಎದೆ ಹಿಂಡಿದ ಹಾಗಾಯ್ತು, ಎಡಗೈ ಭಾರ ಆಯ್ತು. ವಾಚು ನೋಡಿಕೊಂಡ್ರು. 88. "ನೋಡೇ, ಎಲ್ಲಾ ನಾರ್ಮಲ್ ಇದೆ, ಗ್ಯಾಸ್ಟ್ರಿಕ್ಕೇ ಇರ್ಬೇಕು" ಅಂತ ಹೆಂಡತಿಗೆ ತೋರಿಸಿದ್ರಂತೆ. ಎರಡು ಗಂಟೆ ಹಾಗೇ ಕೂತಿದ್ರು, ಐದೈದು ನಿಮಿಷಕ್ಕೊಮ್ಮೆ ವಾಚು ನೋಡ್ತಾ. ಆ ತಾಯಿ ಕೊನೆಗೆ ವಾಚನ್ನ ನಂಬದೆ ಗಂಡನ ಮುಖ ನಂಬಿದ್ರು. ಆಟೋ ಹಿಡಿದು ಎಳ್ಕೊಂಡು ಹೋದ್ರು. ಒಂದು ರಕ್ತನಾಳ ಪೂರ್ತಿ ಮುಚ್ಚಿತ್ತು. ಸ್ಟೆಂಟ್ ಹಾಕಿದ್ರು, ಉಳಿದ್ರು. ಆದರೆ ಆ ಎರಡು ಗಂಟೆಯಲ್ಲಿ ಹೃದಯದ ಒಂದಷ್ಟು ಮಾಂಸ ಸತ್ತುಹೋಗಿದೆ, ಅದು ವಾಪಸ್ ಬರಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಈಗ ಅವರು ಓಡೋದಿಲ್ಲ, ನಡೀತಾರೆ.

ವಾಚು ಸುಳ್ಳು ಹೇಳಲಿಲ್ಲ. 88 ಅನ್ನೋದು ಸರಿಯಾಗೇ ಇದ್ದಿರಬಹುದು. ಹೃದಯಾಘಾತ ಆಗ್ತಿರೋವಾಗಲೂ ಬಡಿತ ಮಾಮೂಲಾಗಿ ಇರಬಹುದು! "ನಿಮ್ಮ ಹೃದಯವನ್ನ ದಿನದ ಇಪ್ಪತ್ನಾಲ್ಕು ಗಂಟೆ ನೋಡಿಕೊಳ್ಳುತ್ತೆ" ಅಂತ ಮಾರಿದವನು ಮಾತ್ರ ಇದನ್ನ ಹೇಳಿರಲಿಲ್ಲ. ಎದೆ ನೋವು, ಎಡಗೈ ಅಥವಾ ದವಡೆಗೆ ಹರಿಯೋ ನೋವು, ತಣ್ಣನೆ ಬೆವರು, ಕಾರಣವಿಲ್ಲದ ಏದುಸಿರು ಬಂದ್ರೆ ವಾಚು ನೋಡಬೇಡಿ, 108ಕ್ಕೆ ಫೋನ್ ಮಾಡಿ. ಇಷ್ಟು ಉದ್ದದ ಬರಹದಲ್ಲಿ ಇದೊಂದು ಸಾಲು ನೆನಪಿಟ್ಟುಕೊಂಡ್ರೂ ಸಾಕು.

ನಲವತ್ತು ದಾಟಿ ಹೊಸದಾಗಿ ಓಡೋಕೆ ಹೊರಟೋರು, ಮನೆಯಲ್ಲಿ ಹೃದಯದ ಕಾಯಿಲೆ ಇದ್ದವರು, ಸಕ್ಕರೆ, ಬಿಪಿ, ಬೀಡಿ ಸಿಗರೇಟು ಇರೋರು ವಾಚಿಗೆ ಮುಂಚೆ ಡಾಕ್ಟರ ಹತ್ತಿರ ಹೋಗಿ. ರಕ್ತಪರೀಕ್ಷೆ, ಇಸಿಜಿ, ಅವರು ಬೇಕು ಅಂದ್ರೆ ಟಿಎಂಟಿ. ಇದೆಲ್ಲಾ ಸೇರಿದ್ರೂ ಟಾಪ್ ಮಾಡೆಲ್ ವಾಚಿನ ಬೆಲೆಯ ಹತ್ತಿರಕ್ಕೂ ಹೋಗೋದಿಲ್ಲ.

ಅಂಕಗಳ ಹುಚ್ಚು

"ನನ್ನ ವಿಓ2 ಮ್ಯಾಕ್ಸ್ 47ರಿಂದ 45ಕ್ಕೆ ಇಳೀತು ಮಾರಾಯ" ಅಂತ ಮುಖ ಸಣ್ಣಗೆ ಮಾಡಿಕೊಂಡು ಕೂತವರನ್ನ ನೋಡಿದೀನಿ. ವಿಓ2 ಮ್ಯಾಕ್ಸ್ ಅನ್ನೋದನ್ನ ನಿಜವಾಗಿ ಅಳೆಯೋದು ಪ್ರಯೋಗಾಲಯದಲ್ಲಿ, ಮೂಗು ಬಾಯಿಗೆ ಮುಖವಾಡ ಹಾಕಿ, ಟ್ರೆಡ್‌ಮಿಲ್ ಮೇಲೆ ಸುಸ್ತಾಗೋವರೆಗೂ ಓಡಿಸಿ, ಉಸಿರಿನ ಆಮ್ಲಜನಕ ಲೆಕ್ಕ ಹಾಕಿ. ವಾಚು ಮಾಡೋದು ನಿಮ್ಮ ವೇಗವನ್ನೂ ಬಡಿತವನ್ನೂ ತಾಳೆ ನೋಡಿ ಒಂದು ಊಹೆ. ಬಡಿತವೇ ತಪ್ಪಿದ್ರೆ, ಗರಿಷ್ಠ ಬಡಿತ 220ರ ಸೂತ್ರದ್ದೇ ಆಗಿದ್ರೆ, ಆ ದಿನ ಸೆಕೆ ಇದ್ರೆ, ಊಹೆಯೂ ತಪ್ಪು. ತಿಂಗಳುಗಟ್ಟಲೆ ಏರುತ್ತಿದೆಯಾ ಇಳೀತಿದೆಯಾ ಅಂತ ಒಂದು ಕಣ್ಣು ಇಡೋಕೆ ಪರವಾಗಿಲ್ಲ. ಎರಡು ಅಂಕ ಇಳೀತು ಅಂತ ರಾತ್ರಿ ನಿದ್ದೆ ಕೆಡಿಸಿಕೊಂಡ್ರೆ ಬೆಳಿಗ್ಗೆ ನಿದ್ದೆಯ ಅಂಕವೂ ಇಳಿದಿರುತ್ತೆ :)

"ಹಾಗಿದ್ರೆ ವಾಚೇ ಬೇಡ್ವಾ?"

ಇನ್ನೊಂದು ಗುಂಪು ಇದೆ, ಅವರು ಈಗಾಗಲೇ ಚಪ್ಪಾಳೆ ತಟ್ಟೋಕೆ ಶುರು ಮಾಡಿರ್ತಾರೆ. "ಅಬೆಬೆ ಬಿಕಿಲ 1960ರಲ್ಲಿ ರೋಮಿನಲ್ಲಿ ಬರಿಗಾಲಲ್ಲಿ ಓಡಿ ಗೆದ್ದ. ನಮ್ಮ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದ, ಆ ದಾಖಲೆ ನಾಲ್ಕು ದಶಕಕ್ಕೂ ಮಿಕ್ಕಿ ಅಲುಗಲಿಲ್ಲ. ಯಾವ ವಾಚಿತ್ತು?" ಮಾತು ನಿಜ, ರೋಮಾಂಚನವೂ ಆಗುತ್ತೆ. ಆದರೆ ವರ್ಷಗಟ್ಟಲೆ ಓಡಿ ಓಡಿ ಅವರಿಗೆ ವೇಗ ಮೈಯೊಳಗೇ ಗೊತ್ತಿತ್ತು. ಹತ್ತು ವರ್ಷ ಕುರ್ಚಿಯಲ್ಲಿ ಕೂತು ಎದ್ದ ನಮಗೆ ಗೊತ್ತಿಲ್ಲ. ಹೊಸದಾಗಿ ಓಡೋರು ಮಾಡೋ ದೊಡ್ಡ ತಪ್ಪು ದಿನಾ ಜೋರಾಗಿ ಓಡೋದು, ಮೂರೇ ವಾರಕ್ಕೆ ಮಂಡಿ ಹಿಡ್ಕೊಂಡು ಕೂರೋದು. "ನಿಧಾನ, ನಿಧಾನ" ಅಂತ ನೆನಪಿಸೋಕೆ ವಾಚು ಒಳ್ಳೆ ಸಾಧನ. ಸಾಧನ ಅಷ್ಟೇ, ಯಜಮಾನ ಅಲ್ಲ.

"ದುಡ್ಡು ನನ್ನದು, ನಿಂಗೇನು ಹೊಟ್ಟೆಯುರಿ?" ಅನ್ನೋರಿಗೂ ಉತ್ತರ ಇದೆ. ನೀವು ನಿಮ್ಮ ಪಾಡಿಗೆ ಲಕ್ಷ ರೂಪಾಯಿಯದ್ದೇ ಕಟ್ಟಿಕೊಳ್ಳಿ, ಚೆಂದ ಇರುತ್ತೆ. ಆದರೆ ಅದು ನಿಮ್ಮ ಪಾಡಿಗೆ ಉಳೀತಿಲ್ಲ. ನಾನು ಹೋಗ್ತಿದ್ದ ಒಂದು ಓಟದ ಗುಂಪಿಗೆ ಪಕ್ಕದ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಹುಡುಗ ಬರ್ತಿದ್ದ, ರಾತ್ರಿ ಪಾಳಿ ಮುಗಿಸಿ. ರಾಯಚೂರಿನ ಕಡೆಯವನು. ಕೈಯಲ್ಲಿ ಮಾಮೂಲಿ ಡಿಜಿಟಲ್ ವಾಚು. ನಮ್ಮೆಲ್ಲರಿಗಿಂತ ಚೆನ್ನಾಗಿ ಓಡ್ತಿದ್ದ. ಗುಂಪಿನವರು ತಿಂಗಳ ಪ್ಲಾನ್ ಮಾಡುವಾಗ "ನಿನ್ನ ಡೇಟಾ ಕಳ್ಸು" ಅಂದ್ರು. ಅವನ ಹತ್ತಿರ ಎಲ್ಲಿಂದ ಬರಬೇಕು ಡೇಟಾ? "ಡೇಟಾ ಇಲ್ದೆ ಪ್ಲಾನ್ ಹೇಗಪ್ಪಾ ಕೊಡೋದು, ಒಂದು ವಾಚ್ ತಗೋ" ಅಂದ್ರು. ಅವನ ಎರಡು ತಿಂಗಳ ಸಂಬಳದ ವಾಚು ಅದು. ಮುಂದಿನ ವಾರದಿಂದ ಅವನು ಬರಲಿಲ್ಲ. ಓಟ ಅನ್ನೋದು ಬಡವನೂ ಆಡಬಹುದಾದ ಆಟವಾಗಿತ್ತು. ಅದಕ್ಕೂ ನಾವು ಪ್ರವೇಶ ಶುಲ್ಕ ಇಟ್ಟುಬಿಟ್ವಲ್ಲ, ನನಗೆ ಹೊಟ್ಟೆ ಉರಿಯೋದು ಅಲ್ಲಿ.

ಸರಿ, ಯಾವುದು ತಗೊಳ್ಳೋದು?

ಬರೀ ಬೈದು ಹೋದ ಅನ್ನಬೇಡಿ, ಹೇಳ್ತೀನಿ.

ಮೊದಲು ಮೂರು ತಿಂಗಳು ಇರೋ ವಾಚಲ್ಲೇ ಓಡಿ, ದೂರ ಬೇಕಿದ್ರೆ ಜೇಬಲ್ಲಿರೋ ಫೋನು ಸಾಕು. ಮೂರು ತಿಂಗಳ ಮೇಲೂ ಓಡ್ತಿದ್ರೆ ವಾಚು ನೋಡಿ.

ಒತ್ತೋ ಬಟನ್ ಇರೋ ವಾಚು ತಗೊಳ್ಳಿ. ಬೆವರಿದ ಬೆರಳಿಗೆ, ಮಲೆನಾಡಿನ ಮಳೆಗೆ ಟಚ್ ಸ್ಕ್ರೀನ್ ಮಾತು ಕೇಳೋದಿಲ್ಲ. ಲ್ಯಾಪ್ ಬಟನ್ ಇದ್ರೆ 400 ಮೀಟರ್ ಟ್ರ್ಯಾಕಲ್ಲಿ ಜಿಪಿಎಸ್ ಹಂಗೇ ಇಲ್ಲ, ಸುತ್ತಿಗೊಂದು ಸಲ ಒತ್ತಿದ್ರೆ ಆಯ್ತು.

ಬ್ಯಾಟರಿ ನೋಡುವಾಗ "ಇಷ್ಟು ದಿನ" ಅನ್ನೋದನ್ನ ಬಿಟ್ಟು "ಜಿಪಿಎಸ್ ಹಾಕಿದಾಗ ಇಷ್ಟು ಗಂಟೆ" ಅನ್ನೋದನ್ನ ನೋಡಿ. ಉದಾಹರಣೆಗೆ 2021ರಲ್ಲಿ ಬಂದ ಫೋರ್‌ರನ್ನರ್ 55ಕ್ಕೆ ಕಂಪನಿ ಹೇಳೋದು 20 ಗಂಟೆ, 2023ರಲ್ಲಿ ಬಂದ ಕೋರೊಸ್ ಪೇಸ್ 3ಕ್ಕೆ 38 ಗಂಟೆ. ಮ್ಯಾರಥಾನನ್ನ ಆರು ಗಂಟೆಯಲ್ಲಿ ಮುಗಿಸೋರಿಗೂ ಎರಡೂ ಧಾರಾಳ. ಇಂಥವು ಆಯಾ ಕಂಪನಿಯ ಕೆಳಗಿನ ಮೆಟ್ಟಿಲಿನ ವಾಚುಗಳು. ಹಳೆಯ ಮಾಡೆಲ್ ಅಂತ ಮೂಗು ಮುರಿಯಬೇಡಿ, ಹೊಸದು ಬಂದಾಗ ಹಳೆಯದರ ಬೆಲೆ ಇಳಿಯುತ್ತೆ, ಅದೇ ಒಳ್ಳೆ ಸಮಯ.

ಹೊರಗಿನ ಎದೆಪಟ್ಟಿ ಜೋಡಿಸಿಕೊಳ್ಳುತ್ತಾ ಕೇಳಿ. ಇಲ್ಲ ಅಂದ್ರೆ ಬೇಡ. ಗರಿಷ್ಠ ಬಡಿತವನ್ನ ನೀವೇ ಬದಲಾಯಿಸೋಕೆ ಬಿಡುತ್ತಾ ಕೇಳಿ. ಇಲ್ಲ ಅಂದ್ರೆ ಅದೂ ಬೇಡ.

ನಿಮ್ಮ ಓಟದ ಕಡತವನ್ನ ಹೊರತೆಗೆದು ನಿಮ್ಮ ಕಂಪ್ಯೂಟರಲ್ಲಿ ಇಟ್ಟುಕೊಳ್ಳೋಕೆ ಆಗಬೇಕು. 2020ರ ಜುಲೈನಲ್ಲಿ ಗಾರ್ಮಿನ್ ಮೇಲೆ ಸೈಬರ್ ದಾಳಿ ನಡೆದು ಹಲವು ದಿನ ಅದರ ಆನ್‌ಲೈನ್ ಸೇವೆ ನಿಂತುಹೋಗಿತ್ತು. ಓಡಿದ್ದು ನಾವು, ಲೆಕ್ಕ ಅವರ ಕೈಲಿ! ಅದನ್ನ ಊರಿಗೆಲ್ಲ ತೋರಿಸೋ ಮುಂಚೆಯೂ ಯೋಚಿಸಿ. 2018ರಲ್ಲಿ ಸ್ಟ್ರಾವಾದ ನಕ್ಷೆಯಿಂದ ಸೇನಾ ನೆಲೆಗಳ ಜಾಡೇ ಬಯಲಾಗಿತ್ತು. ಬೆಳಿಗ್ಗೆ ಐದಕ್ಕೆ ಒಬ್ಬಳೇ ಓಡೋ ಹೆಣ್ಣುಮಗಳ ಮನೆ ಬಾಗಿಲು, ದಾರಿ, ಹೊತ್ತು ಎಲ್ಲ ಊರಿಗೆ ಗೊತ್ತಾಗೋದು ಬೇಡ. ಆ ಸೆಟ್ಟಿಂಗನ್ನ ಮೊದಲ ದಿನವೇ ಬದಲಾಯಿಸಿ.

ಇಷ್ಟೇ. ಇದರಲ್ಲಿ ಯಾವುದಕ್ಕೂ ಐವತ್ತು ಸಾವಿರ ಬೇಡ. ಉಳಿದ ದುಡ್ಡಲ್ಲಿ ಎರಡು ಜೊತೆ ಒಳ್ಳೆ ಬೂಟು, ಒಂದು ಎದೆಪಟ್ಟಿ, ಒಂದು ಸಲ ಡಾಕ್ಟರ ಭೇಟಿ ಆಗುತ್ತೆ. ನಿಮ್ಮ ಗುಂಪಿಗೆ ವಾಚಿಲ್ಲದ ಹುಡುಗನೊಬ್ಬ ಬಂದ್ರೆ ಡೇಟಾ ಕೇಳಬೇಡಿ, "ಎಷ್ಟು ಹೊತ್ತು ಓಡಿದೆ, ಹೇಗನ್ನಿಸ್ತು" ಅಂತ ಕೇಳಿ. ಅದಕ್ಕಿಂತ ಒಳ್ಳೆ ಡೇಟಾ ಇನ್ನೂ ಬಂದಿಲ್ಲ.

ಒಪ್ಪದವರು ಖಂಡಿತ ಜಗಳ ಆಡಿ, ಕಾದಿರ್ತೀನಿ. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಮಾತ್ರ ಸಿಗೋದಿಲ್ಲ :)